ದೇವರಾಜ ಅರಸು ಮತ್ತು ನಮ್ಮ ದಾದಾ ಅವರ ಸಾಲ



ಆಗಸ್ಟ್ ಸಂಚಿಕೆಗೆ ನಮ್ಮ ಭಾಗದ ಒಬ್ಬ ದೊಡ್ಡ ವ್ಯಕ್ತಿಯ ಬಗ್ಗೆ ಬರೆಯಿರಿ ಎಂದು ಕನ್ನಡ ಉಪನ್ಯಾಸಕರು ಹೇಳಿದಾಗ ನಾನು ಕೂಡಲೇ ಡಿ. ದೇವರಾಜ ಅರಸು ಅವರ ಹೆಸರು ಕೊಟ್ಟೆ. ನಿಜ ಹೇಳಬೇಕೆಂದರೆ ಸುಲಭ ಎಂದು ಕೊಟ್ಟೆ. ಸ್ವಾತಂತ್ರ್ಯ ದಿನಾಚರಣೆ ಮುಗಿದ ಐದೇ ದಿನಕ್ಕೆ ಅವರ ಜಯಂತಿ ಬರುತ್ತದೆ. ಅವರ ಊರು ಕಲ್ಲಹಳ್ಳಿ ನಮ್ಮ ಹುಣಸೂರು ತಾಲ್ಲೂಕಿನಲ್ಲೇ ಇದೆ. ಆದರೆ ಮನೆಯಲ್ಲಿ ದಾದಾ ಅವರನ್ನು ಕೇಳಿದ ಮೇಲೆ ಇದು ಸುಲಭದ ವಿಷಯ ಅಲ್ಲ ಎಂದು ಗೊತ್ತಾಯಿತು.

ನಮ್ಮ ದಾದಾ ಅಂಗಡಿಯಲ್ಲಿ ಒಂದು ರೂಪಾಯಿಯ ಸಾಮಾನನ್ನೂ ಲೆಕ್ಕ ಬರೆಸಿ ತರಲು ಬಿಡುವುದಿಲ್ಲ. ದುಡ್ಡಿಲ್ಲದಿದ್ದರೆ ಚಹಾಕ್ಕೆ ಸಕ್ಕರೆ ಇಲ್ಲ, ಅಷ್ಟೇ. ಇದು ಜಿಪುಣತನ ಎಂದು ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಅರಸು ಅವರ ಬಗ್ಗೆ ಕೇಳಿದ ದಿನ ದಾದಾ ಮೊದಲ ಸಲ ಹೇಳಿದರು: ಹತ್ತು ವರ್ಷದವರಿದ್ದಾಗ ಅವರನ್ನು ಎಚ್.ಡಿ. ಕೋಟೆ ಕಡೆಯ ಒಬ್ಬ ಜಮೀನುದಾರರ ಮನೆಯಲ್ಲಿ ಜೀತಕ್ಕೆ ಬಿಟ್ಟಿದ್ದರು. ಅವರ ತಂದೆ ಮಗಳ ಮದುವೆಗೆ ನೂರೈವತ್ತು ರೂಪಾಯಿ ಸಾಲ ಮಾಡಿದ್ದರಂತೆ.

ನಾನು ಕಾಮರ್ಸ್ ವಿದ್ಯಾರ್ಥಿ. ಆದ್ದರಿಂದ ಜೀತವನ್ನು ಲೆಕ್ಕದ ರೀತಿಯಲ್ಲೇ ಅರ್ಥ ಮಾಡಿಕೊಂಡೆ. ಸಾಮಾನ್ಯ ಸಾಲದಲ್ಲಿ ನಾವು ಕಟ್ಟಿದ ಹಣದಲ್ಲಿ ಬಡ್ಡಿ ಕಳೆದು ಉಳಿದದ್ದು ಅಸಲಿಗೆ ಜಮೆ ಆಗುತ್ತದೆ. ಜೀತದಲ್ಲಿ ಆಳಿನ ದುಡಿಮೆ ಪೂರ್ತಿ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೇ ಇರುತ್ತದೆ. ಹಬ್ಬಕ್ಕೆ ಕೊಟ್ಟ ಬಟ್ಟೆ, ಕಾಯಿಲೆಗೆ ಕೊಟ್ಟ ಔಷಧಿ ಎಲ್ಲವೂ ಅಸಲಿಗೆ ಸೇರುತ್ತವೆ. ಲೆಕ್ಕದ ಪುಸ್ತಕ ಒಡೆಯನ ಕೈಯಲ್ಲಿ, ಹೆಬ್ಬೆಟ್ಟು ಮಾತ್ರ ಆಳಿನದು. ಹೀಗಾಗಿ ತಂದೆಯ ಸಾಲವನ್ನು ಮಗನೂ ಮೊಮ್ಮಗನೂ ದುಡಿದು ತೀರಿಸಬೇಕು, ಆದರೂ ತೀರುವುದಿಲ್ಲ.

ಆಗ ನನಗೊಂದು ಪ್ರಶ್ನೆ ಬಂತು. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು. 1950ರ ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಹಾಗಿದ್ದ ಮೇಲೆ ಅರವತ್ತರ ದಶಕದಲ್ಲಿ ನಮ್ಮ ದಾದಾ ಹೇಗೆ ಜೀತಕ್ಕಿದ್ದರು?

ಇತಿಹಾಸದ ಉಪನ್ಯಾಸಕರನ್ನು ಕೇಳಿದೆ. ಅವರು ಬ್ರೆಜಿಲ್ ದೇಶದ ಕಥೆ ಹೇಳಿದರು. ಬ್ರೆಜಿಲ್ 1822ರಲ್ಲಿ ಪೋರ್ಚುಗಲ್‌ನಿಂದ ಸ್ವತಂತ್ರವಾಯಿತು. ಆದರೆ ಆಫ್ರಿಕಾದಿಂದ ಗುಲಾಮರನ್ನು ತಂದು ಮಾರುತ್ತಿದ್ದ ರಿಯೊ ಡಿ ಜನೈರೊ ನಗರದ ವರ್ತಕರೇ ಆ ದೇಶದ ದೊಡ್ಡ ಶ್ರೀಮಂತರು. ಅರಮನೆಗೆ ಹಣ ಕೊಡುತ್ತಿದ್ದವರೂ ಅವರೇ, ಬಿರುದು ಪಡೆಯುತ್ತಿದ್ದವರೂ ಅವರೇ. 1831ರಲ್ಲಿ ಗುಲಾಮರನ್ನು ತರಬಾರದು ಎಂದು ಕಾನೂನು ಆಯಿತು. ಆಮೇಲೂ ಲಕ್ಷಾಂತರ ಜನರನ್ನು ಹಡಗಿನಲ್ಲಿ ತಂದರು. 1850ರ ನಂತರವೇ ಆ ವ್ಯಾಪಾರ ನಿಂತದ್ದು, ಗುಲಾಮಗಿರಿ ಹೋಗಿದ್ದು 1888ರಲ್ಲಿ. ಸ್ವಾತಂತ್ರ್ಯ ಬಂದಾಗ ಅಧಿಕಾರ ಯಾರ ಕೈಗೆ ಹೋಯಿತು ಎಂದು ನೋಡು, ಆಗ ನಿನ್ನ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂದರು.

ನಮ್ಮಲ್ಲಿ ಹಡಗುಗಳಿರಲಿಲ್ಲ. ಆದರೆ ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ಸಿಗುವ ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಜಮೀನುದಾರರು ಪಣಿಯ ಮತ್ತು ಅಡಿಯ ಜನರನ್ನು ಮುಂಗಡ ಕೊಟ್ಟು ಒಂದು ವರ್ಷಕ್ಕೆ ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ಬ್ರಿಟಿಷರು 1843ರಲ್ಲೇ ಗುಲಾಮಗಿರಿಯ ವಿರುದ್ಧ ಕಾನೂನು ಮಾಡಿದ್ದರು. ಹೆಸರು ಬದಲಾಗಿ ಅದು ಸಾಲವಾಯಿತು, ಕೆಲಸ ಅದೇ ಇತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು. ಇದು ಹೆಮ್ಮೆಯ ವಿಷಯ. ಆದರೆ ಅದಕ್ಕೆ ಮತ ಹಾಕುವ ಹಕ್ಕು ಕಂದಾಯ ಕಟ್ಟುವವರಿಗೆ, ಆಸ್ತಿ ಇದ್ದವರಿಗೆ ಮಾತ್ರ. ಜೀತಕ್ಕೆ ಇಟ್ಟುಕೊಂಡವರಿಗೆ ಮತವಿತ್ತು, ಜೀತಕ್ಕಿದ್ದವರಿಗೆ ಇರಲಿಲ್ಲ.

ಅರಸು ಅವರ ಜೀವನ ಶುರುವಾಗುವುದು ಈ ಮತವಿದ್ದವರ ಕಡೆಯಿಂದಲೇ. ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಮನೆತನ ಅರಸು ಜನಾಂಗದ್ದು, ಮೈಸೂರು ರಾಜವಂಶಕ್ಕೆ ದೂರದ ಸಂಬಂಧ. ತಂದೆ ಜಮೀನುದಾರರು. ತಮ್ಮ ಕೆಂಪರಾಜ ಅರಸು ಮುಂದೆ ಸಿನಿಮಾ ನಟರಾದರು. ದೇವರಾಜ ಅರಸು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಅಷ್ಟು ಓದಿದವರು ಸರ್ಕಾರಿ ಕೆಲಸ ಹಿಡಿಯದೆ ಕಲ್ಲಹಳ್ಳಿಗೆ ಬಂದು ಬೇಸಾಯ ಮಾಡಿದರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಬಂದ ಮೇಲೆ ನಡೆದ ಮೊದಲ ಚುನಾವಣೆಯಲ್ಲಿ, 1952ರಲ್ಲಿ, ಹುಣಸೂರಿನಿಂದ ಶಾಸಕರಾದರು. ಮುಂದೆ ಸಚಿವರೂ ಆದರು.

ಆದರೆ ಆಗಿನ ಶಾಸಕರಲ್ಲಿ ಹೆಚ್ಚಿನವರು ಜಮೀನು ಇದ್ದವರು, ದೊಡ್ಡ ಸಂಖ್ಯೆಯ ಜಾತಿಗಳವರು. ಊರಿನಲ್ಲಿ ಮತ ಹಾಕಿಸುತ್ತಿದ್ದವರೂ ಜಮೀನುದಾರರೇ. ಒಡೆಯನ ಮನೆಯ ಆಳು ಒಡೆಯ ಹೇಳಿದ ಕಡೆ ಮತ ಹಾಕದೆ ಏನು ಮಾಡುತ್ತಾನೆ? ಅವನ ಮತವೂ ಒಂದು ರೀತಿಯಲ್ಲಿ ಆ ಸಾಲದ ಲೆಕ್ಕಕ್ಕೇ ಸೇರಿಹೋಗಿತ್ತು. ಸಂವಿಧಾನದ 23ನೇ ವಿಧಿ ಪುಸ್ತಕದಲ್ಲೇ ಉಳಿಯಲು ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಅರಸು ಇಂದಿರಾ ಗಾಂಧಿಯವರ ಜೊತೆ ನಿಂತರು. 1972ರ ಚುನಾವಣೆಯಲ್ಲಿ ಅವರು ಮಾಡಿದ ದೊಡ್ಡ ಕೆಲಸ ಟಿಕೆಟ್ ಹಂಚಿದ್ದು. ಅಲ್ಲಿಯವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದ ಸಣ್ಣಪುಟ್ಟ ಜಾತಿಯವರಿಗೆ, ದಲಿತರಿಗೆ, ಅಲ್ಪಸಂಖ್ಯಾತರಿಗೆ ಹುಡುಕಿ ಟಿಕೆಟ್ ಕೊಟ್ಟರು. ಪಕ್ಷ ಗೆದ್ದಿತು. ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು. ಅವರದು ಬಹಳ ಚಿಕ್ಕ ಜನಾಂಗ, ಜಾತಿಯ ಬಲದಿಂದ ಒಂದು ಕ್ಷೇತ್ರವನ್ನೂ ಗೆಲ್ಲಲು ಆಗುತ್ತಿರಲಿಲ್ಲ. ಅದಕ್ಕೇ ಅವರು ಬಲವಿಲ್ಲದವರನ್ನೆಲ್ಲ ಕೂಡಿಸಿ ಬಲ ಮಾಡಿಕೊಂಡರು. ಇದರಲ್ಲಿ ರಾಜಕೀಯ ಲೆಕ್ಕಾಚಾರವೂ ಇತ್ತು. ಆದರೆ ಆ ಲೆಕ್ಕದಿಂದ ಬಡವರಿಗೆ ಲಾಭವಾಯಿತು.

ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ್ದಾಯಿತು. ಉಳುವವನು ನಮೂನೆ 7 ತುಂಬಿ ಅರ್ಜಿ ಹಾಕಿದರೆ ಅವನ ಹೆಸರಿಗೆ ಆಗುತ್ತಿತ್ತು. ವಿಚಾರಣೆಗೆ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಬಂದವು. ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ, ಏಕೆಂದರೆ ವಕೀಲರನ್ನು ಇಡುವ ಶಕ್ತಿ ಒಡೆಯರಿಗೆ ಮಾತ್ರ ಇತ್ತು. ಸದಸ್ಯರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ಆದರೆ ಇದರ ಹೆಚ್ಚಿನ ಲಾಭ ಆದದ್ದು ಗೇಣಿ ಪದ್ಧತಿ ಹೆಚ್ಚಾಗಿದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ. ನಮ್ಮ ದಾದಾ ಗೇಣಿದಾರರಲ್ಲ, ಬರೀ ಆಳು. ಅವರಿಗೆ ನಮೂನೆ 7 ಉಪಯೋಗಕ್ಕೆ ಬರಲಿಲ್ಲ.

ಅವರಿಗೆ ಉಪಯೋಗಕ್ಕೆ ಬಂದದ್ದು ಇನ್ನೆರಡು ಕಾನೂನು. ಒಂದು ಕೇಂದ್ರದ್ದು. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತ ಪದ್ಧತಿ ರದ್ದತಿ. ಇದರ ಪ್ರಕಾರ ಜೀತದ ಸಾಲ ತಾನಾಗಿಯೇ ರದ್ದು, ಜೀತ ಮಾಡಿಸಿದವರಿಗೆ ಮೂರು ವರ್ಷದವರೆಗೆ ಜೈಲು. ಇನ್ನೊಂದು ಅರಸು ಸರ್ಕಾರದ್ದೇ ಆದ 1976ರ ಋಣ ಪರಿಹಾರ ಕಾಯ್ದೆ. ಸಣ್ಣ ರೈತರು ಮತ್ತು ಭೂಮಿ ಇಲ್ಲದ ಕೂಲಿಗಳ ಸಾಲಗಳನ್ನು ಅದು ಮನ್ನಾ ಮಾಡಿತು, ಗಿರವಿ ಇಟ್ಟ ವಸ್ತುಗಳನ್ನು ವಾಪಸ್ ಕೊಡಿಸಿತು.

ದಾದಾ ಆಗ ಇಪ್ಪತ್ತು ದಾಟಿದ್ದರು. ಊರಿಗೆ ಬಂದ ಅಧಿಕಾರಿಗಳು ಸಾಲ ಹೋಯಿತು ಎಂದು ಹೇಳಿದರೂ ಎರಡು ದಿನ ಅವರು ಕೊಟ್ಟಿಗೆ ಬಿಟ್ಟು ಕದಲಲಿಲ್ಲವಂತೆ. ನಂಬಿಕೆ ಬರಲಿಲ್ಲ. ಮೂರನೇ ದಿನ ದನಗಳಿಗೆ ನೀರು ಕುಡಿಸಿ, ಹುಣಸೂರಿಗೆ ನಡೆದುಕೊಂಡು ಬಂದು ಮರದ ಡಿಪೋದಲ್ಲಿ ಕೂಲಿಗೆ ಸೇರಿದರು. ಮೊದಲ ವಾರದ ಕೂಲಿ ಕೈಗೆ ಬಂದಾಗ ಅದನ್ನು ಯಾರಿಗೆ ಕೊಡಬೇಕು ಎಂದು ಮೇಸ್ತ್ರಿಯನ್ನೇ ಕೇಳಿದರಂತೆ.

ನಮ್ಮ ಸಮುದಾಯಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಅರಸು 1972ರಲ್ಲಿ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿದರು. 1975ರಲ್ಲಿ ವರದಿ ಬಂತು. 1977ರ ಸರ್ಕಾರಿ ಆದೇಶದಲ್ಲಿ ಮುಸ್ಲಿಮರೂ ಹಿಂದುಳಿದವರ ಪಟ್ಟಿಗೆ ಸೇರಿದರು. ದಾದಾ ಶಾಲೆಗೆ ಹೋಗಲಿಲ್ಲ, ಆದರೆ ಅಬ್ಬಾ ಓದಲು ಸಾಧ್ಯವಾಯಿತು.

ಅರಸು ತಪ್ಪು ಮಾಡದವರೇನೂ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ ಜನರನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದಾಗ ಅವರು ಇಂದಿರಾ ಗಾಂಧಿಯವರ ಪರವಾಗಿಯೇ ಇದ್ದರು. ಅವರ ಮೇಲಿನ ಭ್ರಷ್ಟಾಚಾರದ ಆರೋಪಗಳನ್ನು ಗ್ರೋವರ್ ಆಯೋಗ ವಿಚಾರಣೆ ಮಾಡಿತು. 1978ರಲ್ಲಿ ಮತ್ತೆ ಗೆದ್ದು ಬಂದರೂ, ಮರುವರ್ಷ ಇಂದಿರಾ ಅವರಿಂದ ದೂರವಾದರು. 1980ರ ಜನವರಿಯಲ್ಲಿ ಅಧಿಕಾರ ಹೋಯಿತು. ತಾವು ಬೆಳೆಸಿದ ಅನೇಕರು ಅವರನ್ನು ಬಿಟ್ಟು ಹೋದರು. 1982ರ ಜೂನ್ 6ರಂದು ತೀರಿಕೊಂಡರು.

ಕೊನೆಯದಾಗಿ ನನ್ನದೇ ಒಂದು ವಿಷಯ ಹೇಳಬೇಕು. ನಮ್ಮ ಮಾಮು ಕೊಡಗಿನ ಕಾಫಿ ತೋಟಗಳಿಗೆ ಜೀಪಿನಲ್ಲಿ ಕೂಲಿಯವರನ್ನು ಕಳಿಸುತ್ತಾರೆ. ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಅವರ ನೋಟ್‌ಬುಕ್ ಬರೆಯುವ ಕೆಲಸ ನನಗೆ ಕೊಟ್ಟಿದ್ದಾರೆ. ಒಂದು ಕಾಲಂನಲ್ಲಿ ಅಡ್ವಾನ್ಸ್, ಇನ್ನೊಂದರಲ್ಲಿ ಬಾಕಿ. ಹೋದ ತಿಂಗಳು ಬರೆಯುತ್ತಿದ್ದಾಗ ಗಮನಿಸಿದೆ: ಒಬ್ಬರ ಹೆಸರಿನ ಮುಂದೆ ಎರಡು ಸೀಸನ್ ಕಳೆದರೂ ಬಾಕಿ ಕಡಿಮೆ ಆಗಿಲ್ಲ, ಹೆಚ್ಚಾಗಿದೆ. ಇದನ್ನು ಬರೆದದ್ದು ನನ್ನದೇ ಕೈ. ಮಾಮು ಕೆಟ್ಟವರಲ್ಲ, ಎಲ್ಲರೂ ಹೀಗೇ ಮಾಡುತ್ತಾರೆ ಎನ್ನುತ್ತಾರೆ. ಬಹುಶಃ ದಾದಾ ಅವರ ಒಡೆಯರೂ ಹಾಗೇ ಹೇಳುತ್ತಿದ್ದರು.

ಪ್ರತಿಯೊಬ್ಬರ ಲೆಕ್ಕದ ಒಂದು ನಕಲು ಅವರ ಕೈಗೇ ಕೊಡಬೇಕು, ವಾರದ ಕೂಲಿಯಲ್ಲಿ ಎಷ್ಟು ಕಳೆದೆವು ಎಂದು ಓದಿ ಹೇಳಬೇಕು, ಇಲ್ಲದಿದ್ದರೆ ನಾನು ಬರೆಯುವುದಿಲ್ಲ ಎಂದು ಮಾಮುಗೆ ಹೇಳಿದೆ. ಅವರು ಬೈದರು. ನೋಟ್‌ಬುಕ್ ಈಗಲೂ ನನ್ನ ಹತ್ತಿರವೇ ಇದೆ, ವಾಪಸ್ ಕೇಳಿಲ್ಲ. ದಾದಾ ಅದನ್ನು ನೋಡಿದರು. ಓದಲು ಬಾರದಿದ್ದರೂ ಪುಟಗಳನ್ನು ತಿರುವಿ, ಹೆಬ್ಬೆಟ್ಟಿನ ಗುರುತುಗಳ ಮೇಲೆ ಬೆರಳಿಟ್ಟು ಎಣಿಸಿದರು. ಹದಿನಾಲ್ಕು ಇದ್ದವು.

ಗೆಳೆಯರೇ, ನಮ್ಮಲ್ಲಿ ಅನೇಕರು ಮುಂದೆ ಲೆಕ್ಕ ಬರೆಯುವ ಕೆಲಸವನ್ನೇ ಮಾಡುತ್ತೇವೆ. ಯಾರ ಲೆಕ್ಕ ಬರೆಯುತ್ತಿದ್ದೇವೋ ಅವರಿಗೆ ಅದನ್ನು ತೋರಿಸೋಣ.