ಬೆಳಕಿನ ಬರಹಗಾರ ಟಿ. ಎಸ್. ಸತ್ಯನ್

ಲೇಖನಿಯಿಂದ ಬರೆಯುವವರು ನಾಡಿನಲ್ಲಿ ಅನೇಕರು. ಬೆಳಕಿನಿಂದ ಬರೆಯುವವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು ಟಿ. ಎಸ್. ಸತ್ಯನ್.

ಅವರು ಜನಿಸಿದುದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲಿ. ಬನುಮಯ್ಯ ಶಾಲೆಯಲ್ಲಿ ಓದಿ, 1944ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು. ವಿದ್ಯಾರ್ಥಿದೆಸೆಯಲ್ಲಿಯೇ ಕ್ಯಾಮೆರಾ ಅವರ ಮನಸ್ಸನ್ನು ಸೆಳೆದಿತ್ತು. ಆದರೆ ಅಂದು ಚಿತ್ರ ತೆಗೆಯುವುದು ಸುಲಭಸಾಧ್ಯವಾಗಿರಲಿಲ್ಲ. ಫಿಲ್ಮ್ ದುಬಾರಿ, ಮಹಾಯುದ್ಧದ ದಿನಗಳಲ್ಲಿ ಅದು ದೊರೆಯುವುದೂ ದುರ್ಲಭ. ಒಂದು ಸುರುಳಿಯಲ್ಲಿ ದೊರೆಯುತ್ತಿದ್ದುದು ಕೆಲವೇ ಚಿತ್ರಗಳು. ಆದುದರಿಂದ ಗುಂಡಿ ಒತ್ತುವ ಮುನ್ನ ಚೆನ್ನಾಗಿ ನೋಡಬೇಕಾಗಿತ್ತು, ತಾಳ್ಮೆಯಿಂದ ಕಾಯಬೇಕಾಗಿತ್ತು.

ಜೀವನೋಪಾಯಕ್ಕಾಗಿ ಸತ್ಯನ್ ಶಿಕ್ಷಕರಾದರು, ಆಕಾಶವಾಣಿಗೆ ಬರೆದರು, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿಯೂ ದುಡಿದರು. ಛಾಯಾಗ್ರಹಣವನ್ನೇ ನಂಬಿ ಸಂಸಾರ ನಡೆಸಬಹುದೆಂದು ಆಗ ನಂಬುವವರು ಕಡಿಮೆ. ಆದರೂ ಅವರು ತಮ್ಮ ಒಲವನ್ನೇ ವೃತ್ತಿಯನ್ನಾಗಿಸಿಕೊಂಡರು. 1948ರಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಛಾಯಾಗ್ರಾಹಕರಾದರು. ಅನಂತರ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯನ್ನು ಸೇರಿದರು. ಕಡೆಗೆ ತಿಂಗಳ ಸಂಬಳದ ಆಸರೆಯನ್ನೂ ತೊರೆದು ಸ್ವತಂತ್ರರಾದರು. ಅಮೆರಿಕದ ಲೈಫ್ ಪತ್ರಿಕೆಯೂ ಅವರ ಚಿತ್ರಗಳನ್ನು ಪ್ರಕಟಿಸಿತು.

ಸತ್ಯನ್ನರ ದೃಷ್ಟಿ ವಿಶಿಷ್ಟವಾದುದು. ಗೋಕಾಕಕ್ಕೆ ಹೋದವರು ಸಾಮಾನ್ಯವಾಗಿ ಧುಮ್ಮಿಕ್ಕುವ ಘಟಪ್ರಭೆಯ ಚಿತ್ರ ತೆಗೆಯುತ್ತಾರೆ. ಹುಕ್ಕೇರಿಗೆ ಹೋದವರು ಹಳೆಯ ಗುಮ್ಮಟಗಳ ಚಿತ್ರ ತೆಗೆಯುತ್ತಾರೆ. ಮರದ ಬೊಂಬೆಗೆ ಬಣ್ಣ ಬಳಿಯುವ ಗೋಕಾಕದ ಕುಶಲಕರ್ಮಿಯನ್ನಾಗಲಿ, ಗುಮ್ಮಟದ ನೆರಳಿನಲ್ಲಿ ಆಡುವ ಮಗುವನ್ನಾಗಲಿ, ಮೂಡಲಗಿಯ ಸಂತೆಯಲ್ಲಿ ಎತ್ತಿನ ಬೆನ್ನು ಸವರುತ್ತ ನಿಂತ ರೈತನನ್ನಾಗಲಿ ಗಮನಿಸುವವರು ಎಷ್ಟು ಮಂದಿ? ಸತ್ಯನ್ನರ ಕಣ್ಣು ಅರಸುತ್ತಿದ್ದುದು ಇಂತಹ ಸಾಮಾನ್ಯರನ್ನೇ. ಬಡತನವನ್ನು ಪ್ರದರ್ಶನದ ವಸ್ತುವಾಗಿಸದೆ, ಬಡವನ ಘನತೆಯನ್ನು ಅವರು ಎತ್ತಿ ತೋರಿಸಿದರು. ಪ್ರೀತಿಯಿಲ್ಲದ ನೋಟಕ್ಕೆ ಮನುಷ್ಯನ ಮುಖ ತೆರೆದುಕೊಳ್ಳದೆಂಬುದೇ ಅವರ ಕಲೆಯ ತಿರುಳು. ಬಣ್ಣಗಳ ಆಡಂಬರವಿಲ್ಲದ ಕಪ್ಪು-ಬಿಳುಪಿನ ಚಿತ್ರಗಳಲ್ಲಿ ಅವರು ನಗುವನ್ನೂ ನೋವನ್ನೂ ಸಮನಾಗಿ ಹಿಡಿದಿಟ್ಟರು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಳಿಗಾಗಿ ಅವರು ಹಲವೆಡೆ ಸಂಚರಿಸಿದರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. 1979ನೆಯ ವರ್ಷ ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ಸಂದರ್ಭದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ನಮ್ಮ ಬೀದಿಗಳಲ್ಲಿ ನಾವು ದಿನವೂ ಕಂಡು ಮರೆಯುವ ಮುಖಗಳ ಮುಂದೆ ಲೋಕವೇ ನಿಂತು ನೋಡಿತು.

ದೆಹಲಿಯಲ್ಲಿ ಬಹುಕಾಲ ನೆಲೆಸಿದ್ದ ಸತ್ಯನ್ ಕೊನೆಗೆ ಹುಟ್ಟೂರಿಗೆ ಮರಳಿದರು. ತಮ್ಮ ನೆನಪುಗಳನ್ನು ಗ್ರಂಥರೂಪಕ್ಕೆ ತಂದು, 2009ರ ಡಿಸೆಂಬರ್ 13ರಂದು ಮೈಸೂರಿನಲ್ಲಿ ನಿಧನರಾದರು. ಇಂದು ಕ್ಯಾಮೆರಾ ಎಲ್ಲರ ಕೈಯಲ್ಲಿದೆ, ಚಿತ್ರಗಳಿಗೆ ಲೆಕ್ಕವಿಲ್ಲ. ಎದುರಿಗಿರುವವರನ್ನು ಅಕ್ಕರೆಯಿಂದ ನೋಡುವ ಕಣ್ಣನ್ನು ಮಾತ್ರ ಪ್ರತಿಯೊಬ್ಬರೂ ತಾವೇ ಸಂಪಾದಿಸಿಕೊಳ್ಳಬೇಕು.