ಚಾರ್ಲ್ಸ್ ಬ್ರೆಂಟನ್ ಹಗ್ಗಿನ್ಸ್

ಚಾರ್ಲ್ಸ್ ಬ್ರೆಂಟನ್ ಹಗ್ಗಿನ್ಸ್ (ಸೆಪ್ಟೆಂಬರ್ 22, 1901 – ಜನವರಿ 12, 1997) ಕೆನಡಾದಲ್ಲಿ ಜನಿಸಿದ ಅಮೆರಿಕದ ಶಸ್ತ್ರವೈದ್ಯರು ಹಾಗೂ ಶರೀರಕ್ರಿಯಾ ವಿಜ್ಞಾನಿ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಪುರುಷ ಹಾರ್ಮೋನುಗಳನ್ನು ಅವಲಂಬಿಸಿ ಬೆಳೆಯುತ್ತದೆ ಎಂಬುದನ್ನು ತೋರಿಸಿಕೊಟ್ಟ ಇವರಿಗೆ 1966ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ದೊರೆಯಿತು. ಈ ರೋಗದ ಏರಿಳಿತವನ್ನು ರಕ್ತಪರೀಕ್ಷೆಯಿಂದ ಅಳೆಯುವ ಪದ್ಧತಿಗೂ ಇವರ ಪ್ರಯೋಗಗಳು ತಳಹದಿಯಾದವು.

ಜನನ ಮತ್ತು ವಿದ್ಯಾಭ್ಯಾಸ

ಹಗ್ಗಿನ್ಸ್ ಅವರು ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಜನಿಸಿದರು. 1920ರಲ್ಲಿ ಅಕೇಡಿಯಾ ವಿಶ್ವವಿದ್ಯಾಲಯದಿಂದ ಪದವಿ ಪಡೆದು, 1924ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ವೈದ್ಯಪದವಿ ಮುಗಿಸಿದರು. ಬಳಿಕ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದರು. 1927ರಲ್ಲಿ ಮಾರ್ಗರೆಟ್ ವೆಲ್‌ಮನ್ ಅವರನ್ನು ವಿವಾಹವಾದರು.

ವೃತ್ತಿ ಮತ್ತು ಸಂಶೋಧನೆ

ಅದೇ ವರ್ಷ ಷಿಕಾಗೋ ವಿಶ್ವವಿದ್ಯಾಲಯದ ಹೊಸ ವೈದ್ಯಕೀಯ ಶಾಲೆಯನ್ನು ಸೇರಿದರು. ಅಲ್ಲಿ ಮೂತ್ರಾಂಗ ರೋಗಗಳ ವಿಭಾಗ ಇವರ ಪಾಲಿಗೆ ಬಂದಿತು. ಆ ಶಾಖೆಯಲ್ಲಿ ವಿಶೇಷ ತರಬೇತಿ ಇಲ್ಲದಿದ್ದರೂ ಸ್ವಂತ ಅಧ್ಯಯನದಿಂದ ಅದನ್ನು ಕರಗತ ಮಾಡಿಕೊಂಡರು.

ಮನುಷ್ಯರಂತೆ ನಾಯಿಗಳಲ್ಲಿಯೂ ಪ್ರಾಸ್ಟೇಟ್ ಗಡ್ಡೆಗಳು ತಾವಾಗಿಯೇ ಉಂಟಾಗುವುದರಿಂದ ಹಗ್ಗಿನ್ಸ್ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ವೃಷಣಗಳನ್ನು ತೆಗೆದಾಗ ಗ್ರಂಥಿ ಕುಗ್ಗುವುದನ್ನೂ, ಪುರುಷ ಹಾರ್ಮೋನು ಕೊಟ್ಟಾಗ ಮತ್ತೆ ಬೆಳೆಯುವುದನ್ನೂ ಗಮನಿಸಿದರು. 1941ರಲ್ಲಿ ಕ್ಲಾರೆನ್ಸ್ ಹಾಡ್ಜಸ್ ಅವರೊಂದಿಗೆ, ರೋಗವು ದೇಹದಲ್ಲಿ ಹರಡಿದ್ದ ಪುರುಷರ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಇಂಥ ರೋಗಿಗಳ ರಕ್ತದಲ್ಲಿ ಆಮ್ಲ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಾಗಿರುವುದು ಆ ವೇಳೆಗೆ ತಿಳಿದಿತ್ತು. ವೃಷಣಗಳನ್ನು ತೆಗೆದಾಗ ಅಥವಾ ಈಸ್ಟ್ರೊಜೆನ್ ನೀಡಿದಾಗ ಅದರ ಪ್ರಮಾಣ ಇಳಿಯಿತು. ಪುರುಷ ಹಾರ್ಮೋನು ಚುಚ್ಚಿದಾಗ ಏರಿತು. ಮೂಳೆನೋವಿನಿಂದ ನರಳುತ್ತಿದ್ದ ಅನೇಕರಿಗೆ ಈ ಚಿಕಿತ್ಸೆಯಿಂದ ಉಪಶಮನ ದೊರೆಯಿತು. ಆದರೆ ಹಲವರಲ್ಲಿ ರೋಗ ಕಾಲಾಂತರದಲ್ಲಿ ಮರುಕಳಿಸಿತು.

1951ರಿಂದ 1969ರವರೆಗೆ ಬೆನ್ ಮೇ ಕ್ಯಾನ್ಸರ್ ಸಂಶೋಧನಾಲಯದ ನಿರ್ದೇಶಕರಾಗಿದ್ದರು. ಅಡ್ರಿನಲ್ ಗ್ರಂಥಿಗಳನ್ನು ತೆಗೆದು ಮುಂದುವರಿದ ಸ್ತನ ಕ್ಯಾನ್ಸರನ್ನು ಹತೋಟಿಗೆ ತರುವ ವಿಧಾನವನ್ನೂ ರೂಪಿಸಿದರು.

ಪರಂಪರೆ

ಹಗ್ಗಿನ್ಸ್ ಬಳಸಿದ ಕಿಣ್ವದ ಪ್ರಮಾಣ ಸಾಮಾನ್ಯವಾಗಿ ರೋಗ ಹರಡಿದ ಮೇಲೆಯೇ ಏರುತ್ತಿದ್ದುದರಿಂದ ಅದು ಆರಂಭದ ಹಂತದ ಪತ್ತೆಗೆ ಒದಗಲಿಲ್ಲ. ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಪಿ.ಎಸ್.ಎ. ಎಂಬ ಇನ್ನೊಂದು ಪ್ರೋಟೀನನ್ನು 1979ರಲ್ಲಿ ಶುದ್ಧೀಕರಿಸಲಾಯಿತು. ಅದರ ಪರೀಕ್ಷೆಗೆ ಅಮೆರಿಕದಲ್ಲಿ 1986ರಲ್ಲಿ ರೋಗಿಗಳ ಮೇಲ್ವಿಚಾರಣೆಗೂ, 1994ರಲ್ಲಿ ರೋಗಪತ್ತೆಗೆ ನೆರವಾಗುವುದಕ್ಕೂ ಅನುಮತಿ ದೊರೆಯಿತು.

ಸೋಂಕು, ಉರಿಯೂತ, ಗ್ರಂಥಿಯ ಹಿಗ್ಗುವಿಕೆಗಳಿಂದಲೂ ಪಿ.ಎಸ್.ಎ. ಏರುತ್ತದೆ. ಆದ್ದರಿಂದ ನಲವತ್ತರ ಆಸುಪಾಸಿನ ಪುರುಷರಲ್ಲಿ ಅದು ಹೆಚ್ಚಾಗಿ ಕಂಡರೆ ವೈದ್ಯರು ಮೊದಲು ಸೋಂಕಿದೆಯೇ ಎಂದು ನೋಡಿ, ಕೆಲವು ವಾರಗಳ ನಂತರ ಪರೀಕ್ಷೆಯನ್ನು ಪುನರಾವರ್ತಿಸುತ್ತಾರೆ. ಈ ವಯಸ್ಸಿನಲ್ಲಿ ಗ್ರಂಥಿ ಚಿಕ್ಕದಿರುವುದರಿಂದ, ವೃದ್ಧರಲ್ಲಿ ಸಹಜವೆನಿಸುವ ಪ್ರಮಾಣವೂ ಗಮನಾರ್ಹವಾಗಬಹುದು. ತಂದೆಗೋ ಸಹೋದರರಿಗೋ ಈ ರೋಗವಿದ್ದರೆ ಎಚ್ಚರಿಕೆ ಹೆಚ್ಚುತ್ತದೆ. ಏರಿಕೆ ಮುಂದುವರಿದರೆ ಎಂ.ಆರ್.ಐ. ಚಿತ್ರಣ, ಅಗತ್ಯವಿದ್ದಲ್ಲಿ ಬಯಾಪ್ಸಿ ನಡೆಯುತ್ತದೆ. ನಿಧಾನವಾಗಿ ಬೆಳೆಯುವ ಕ್ಯಾನ್ಸರಾದರೆ ಚಿಕಿತ್ಸೆಯನ್ನು ಮುಂದೂಡಿ ನಿಯತವಾಗಿ ಪರೀಕ್ಷಿಸುತ್ತಿರುವುದೂ ಉಂಟು.

ಹರಡಿದ ರೋಗಕ್ಕೆ ಹಾರ್ಮೋನು ತಡೆಯುವ ಚಿಕಿತ್ಸೆಯೇ ಇಂದಿಗೂ ಆಧಾರ. ಲೈಂಗಿಕ ಆಸಕ್ತಿ ಕುಂದುವುದು, ಮೂಳೆ ದುರ್ಬಲವಾಗುವುದು ಅದರ ಅಡ್ಡಪರಿಣಾಮಗಳು. ಮುಂದೆ ದೀರ್ಘ ಆಯುಷ್ಯವಿರುವ ಕಿರಿಯರಿಗೆ ಇವು ಹೆಚ್ಚು ಭಾರವಾಗುತ್ತವೆ.

ಪ್ರಶಸ್ತಿ ಮತ್ತು ನಿಧನ

ಹಗ್ಗಿನ್ಸ್ ನೊಬೆಲ್ ಪ್ರಶಸ್ತಿಯನ್ನು ಪೇಟನ್ ರೌಸ್ ಅವರೊಂದಿಗೆ ಹಂಚಿಕೊಂಡರು. ಅದಕ್ಕೆ ಮುನ್ನ, 1963ರಲ್ಲಿ, ಲಾಸ್ಕರ್ ಪ್ರಶಸ್ತಿಗೆ ಪಾತ್ರರಾಗಿದ್ದರು. 1972ರಿಂದ 1979ರವರೆಗೆ ತಾವು ಓದಿದ ಅಕೇಡಿಯಾ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿದ್ದರು. ತಮ್ಮ 95ನೆಯ ವಯಸ್ಸಿನಲ್ಲಿ ಷಿಕಾಗೋ ನಗರದಲ್ಲಿ ನಿಧನರಾದರು.