ಪೆನಿಸಿಲಿನ್ ಕೊಟ್ಟವರು ಹೇಳಿದ ಎಚ್ಚರಿಕೆ

ನೂರು ವರ್ಷಗಳ ಹಿಂದೆ ಮನೆಯಲ್ಲಿ ಒಬ್ಬರಿಗೆ ನ್ಯುಮೋನಿಯಾ ಬಂತೆಂದರೆ, ಹಾಸಿಗೆಯ ಪಕ್ಕದಲ್ಲಿ ಕುಳಿತು ಜಪಮಾಲೆ ಹೇಳುವುದರ ಹೊರತು ಮನೆಯವರಿಗೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ವೈದ್ಯರ ಕೈಯಲ್ಲೂ ತಕ್ಕ ಔಷಧವಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಮೊದಲಿಗರು ಸರ್ ಅಲೆಕ್ಸಾಂಡರ್ ಫ್ಲೆಮಿಂಗ್.

ಅವರು ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಡಾರ್ವೆಲ್ ಸಮೀಪದ ಒಂದು ರೈತ ಕುಟುಂಬದಲ್ಲಿ. ಏಳನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಲಂಡನ್ನಿಗೆ ಬಂದು ನಾಲ್ಕು ವರ್ಷ ಹಡಗು ಕಂಪೆನಿಯೊಂದರಲ್ಲಿ ಗುಮಾಸ್ತರಾಗಿ ದುಡಿದರು. ಬಂಧುವೊಬ್ಬರ ಆಸ್ತಿಯಲ್ಲಿ ಸ್ವಲ್ಪ ಪಾಲು ದೊರೆತಾಗ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆ ಸೇರಿದರು. ಮುಂದೆ ಜೀವನವಿಡೀ ಅದೇ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. 1915ರಲ್ಲಿ ಐರ್ಲೆಂಡಿನ ದಾದಿ ಸಾರಾ ಅವರನ್ನು ವಿವಾಹವಾದರು.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಬೊಲೋನ್ ಪಟ್ಟಣದಲ್ಲಿದ್ದಾಗ ಗಾಯ ಕೊಳೆತು ಸಾಯುತ್ತಿದ್ದ ಸೈನಿಕರನ್ನು ಕಂಡರು. ಗಾಯಕ್ಕೆ ಸುರಿಯುತ್ತಿದ್ದ ಕಟುವಾದ ದ್ರಾವಣಗಳು ಆಳದಲ್ಲಿದ್ದ ರೋಗಾಣುಗಳನ್ನು ತಲುಪದೆ, ದೇಹದ ರಕ್ಷಕ ಕಣಗಳನ್ನೇ ಕೊಲ್ಲುತ್ತಿದ್ದುವೆಂದು ತೋರಿಸಿಕೊಟ್ಟರು. 1921ರಲ್ಲಿ ತಮಗೆ ನೆಗಡಿಯಾದಾಗ ತಮ್ಮ ಮೂಗಿನ ಸಿಂಬಳವನ್ನೇ ಪರೀಕ್ಷಿಸಿ, ಅದರಲ್ಲೂ ಕಣ್ಣೀರಿನಲ್ಲೂ ಕೆಲವು ಅಣುಜೀವಿಗಳನ್ನು ಕರಗಿಸುವ ವಸ್ತುವೊಂದಿದೆ ಎಂದು ಕಂಡುಕೊಂಡರು. ಸೃಷ್ಟಿಕರ್ತನು ನಮ್ಮ ಕಣ್ಣೀರಿನಲ್ಲೂ ರಕ್ಷಣೆಯನ್ನು ಇಟ್ಟಿದ್ದಾನೆ!

1928ರ ಸೆಪ್ಟೆಂಬರಿನಲ್ಲಿ, ರಜೆ ಮುಗಿಸಿ ಬಂದ ಫ್ಲೆಮಿಂಗ್‌ರವರ ಕಣ್ಣಿಗೆ ಬೂಸು ಹಿಡಿದ ಗಾಜಿನ ತಟ್ಟೆಯೊಂದು ಬಿತ್ತು. ಬೂಸಿನ ಸುತ್ತಲಿನ ರೋಗಾಣುಗಳು ಕರಗಿಹೋಗಿದ್ದವು. ಆ ಬೂಸಿನ ರಸಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟರು. ನ್ಯುಮೋನಿಯಾ, ಗಂಟಲುಬೇನೆ, ಡಿಫ್ತೀರಿಯಾ ತರುವ ಅಣುಜೀವಿಗಳನ್ನೂ ಅದು ತಡೆಯುತ್ತಿತ್ತು. ಆದರೆ ಅದನ್ನು ಶುದ್ಧ ಔಷಧವಾಗಿಸಲು ಅವರಿಂದಾಗಲಿಲ್ಲ. ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್ ಮತ್ತು ಸಂಗಡಿಗರು ಆ ಕೆಲಸ ಪೂರೈಸಿದರು. 1941ರಲ್ಲಿ ಅವರು ಚಿಕಿತ್ಸೆ ನೀಡಿದ ಪೊಲೀಸನೊಬ್ಬ ಚೇತರಿಸಿಕೊಳ್ಳುತ್ತಿದ್ದಂತೆಯೇ ಔಷಧ ಮುಗಿದುಹೋಯಿತು. ಅವನ ಮೂತ್ರದಿಂದಲೂ ಅದನ್ನು ತೆಗೆದು ಮತ್ತೆ ಕೊಟ್ಟರು. ಆದರೂ ಅದು ಸಾಲದೆ ಆತ ತೀರಿಕೊಂಡ. ಒಂದು ಚಿಟಿಕೆ ಪೆನಿಸಿಲಿನ್ನಿಗೆ ಅಂದು ಅಷ್ಟು ಬೆಲೆಯಿತ್ತು.

1945ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಸ್ಟಾಕ್‌ಹೋಮಿನ ಆ ಗೌರವದ ಸಭೆಯಲ್ಲಿ ಫ್ಲೆಮಿಂಗ್‌ರವರು ತಮ್ಮ ಔಷಧವನ್ನು ಹೊಗಳಿ ಸುಮ್ಮನಾಗಲಿಲ್ಲ. ಒಂದು ಕಲ್ಪಿತ ಸಂಸಾರದ ಕಥೆ ಹೇಳಿದರು. ಗಂಡನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಪ್ರಮಾಣದಲ್ಲಿ ಸೇವಿಸುತ್ತಾನೆ. ರೋಗಾಣುಗಳು ಸಾಯುವುದಿಲ್ಲ, ಔಷಧವನ್ನು ಎದುರಿಸಲು ಕಲಿಯುತ್ತವೆ. ಅವು ಹೆಂಡತಿಗೆ ಅಂಟಿ ಆಕೆಗೆ ನ್ಯುಮೋನಿಯಾ ಬರುತ್ತದೆ. ಪೆನಿಸಿಲಿನ್ ಕೊಟ್ಟರೂ ಫಲಿಸುವುದಿಲ್ಲ. ಆಕೆ ಸಾಯುತ್ತಾಳೆ. ಹಾಗಾದರೆ ಅವಳ ಸಾವಿಗೆ ಹೊಣೆ ಯಾರು? ಗಂಡನ ಅಜಾಗ್ರತೆಯೇ ಎಂಬುದು ಅವರ ಉತ್ತರ.

ಕಥೆ ನಿಜವಾಗಿದೆ. 2019ನೆಯ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಇಂಥ ರೋಗಾಣುಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಶ್ವಾಸಕೋಶದ ಸೋಂಕುಗಳಿಂದ ಸತ್ತವರೇ ಅವರಲ್ಲಿ ಅತಿ ಹೆಚ್ಚು.

ಪ್ರಿಯ ಓದುಗರೇ, ಆ ಗಂಡ ಕೆಟ್ಟವನಲ್ಲ. ಹೆಂಡತಿಯನ್ನು ಪ್ರೀತಿಸುತ್ತಿದ್ದವನೇ ಇರಬೇಕು. ಆದರೆ ನನ್ನ ದೇಹ, ನನ್ನ ಮಾತ್ರೆ, ನನ್ನಿಷ್ಟ ಎಂದುಕೊಂಡ. ಪಾಪವೆಂದರೆ ಹಗೆತನದಿಂದ ಮಾಡಿದ್ದು ಮಾತ್ರವೇ? ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದಕ್ಕೂ ಬಲಿಪೂಜೆಯ ಆರಂಭದಲ್ಲಿ ನಾವು ಕ್ಷಮೆ ಕೇಳುತ್ತೇವಲ್ಲವೆ? ಸಾಮಾನ್ಯ ನೆಗಡಿಗೆ ವೈರಸ್ ಕಾರಣ, ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಆದರೂ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುತ್ತೇವೆ. ದೊಡ್ಡ ಮಗನಿಗೆ ಬರೆದುಕೊಟ್ಟದ್ದರಲ್ಲಿ ಉಳಿದುದನ್ನು ಚಿಕ್ಕವಳಿಗೆ ಕೊಡುತ್ತೇವೆ. ಜ್ವರ ಇಳಿಯಿತೆಂದು ವೈದ್ಯರನ್ನು ಕೇಳದೆ ನಡುವೆಯೇ ನಿಲ್ಲಿಸುತ್ತೇವೆ. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಅದನ್ನು ಸೇವಿಸಬಾರದೆಂಬುದರ ಗುರುತು. ನಮ್ಮ ಸರ್ಕಾರ 2016ರಲ್ಲಿ ಅದರ ಬಗ್ಗೆ ಪ್ರಚಾರವನ್ನೇ ನಡೆಸಿತು.

ಫ್ಲೆಮಿಂಗ್‌ರವರು 1955ರ ಮಾರ್ಚ್ 11ರಂದು ನಿಧನರಾದರು. ಲಂಡನ್ನಿನ ಸಂತ ಪೌಲರ ಮಹಾದೇವಾಲಯದಲ್ಲಿ ಅವರ ಸಮಾಧಿಯಿದೆ. ಅವರ ಮೂಲಕ ದೇವರು ಕೊಟ್ಟ ವರ ನಮ್ಮೊಬ್ಬರದಲ್ಲ. ನೆರೆಮನೆಯ ಮುದುಕರದು, ಇನ್ನೂ ಹುಟ್ಟದ ಮೊಮ್ಮಕ್ಕಳದು. ವೈದ್ಯರು ಹೇಳಿದಾಗ ಮಾತ್ರ, ಹೇಳಿದಷ್ಟು ದಿನ ಔಷಧ ತೆಗೆದುಕೊಳ್ಳುವುದೂ ಪರಪ್ರೇಮದ ಕಾರ್ಯವೇ.